ತಂಗಿಯ ಹಾಡು, ನಮ್ಮ ರೇಡಿಯೋ

ಶಹಾಬಾದಿನಲ್ಲಿ ಅಂದು ಬೆಳಿಗ್ಗೆ ಮಗಳ ಜಡೆ ಹೆಣೆದು ಶಾಲೆಗೆ ಕಳಿಸಿದ್ದೆನಷ್ಟೆ, ಯಜಮಾನರು ತಾವೇ ಕಟ್ಟುತ್ತಿದ್ದ ರೇಡಿಯೋದ ಎರಡು ತಂತಿ ಚಾಚಿದರು.

"ಇವನ್ನೂ ಬಿಗಿಯಾಗಿ ಹೊಸಿ. ರೇಡಿಯೋ ಗುಂಯ್ ಅನ್ನೋದು ನಿಂದರ್ತದ."

ಸಂಜೆ ಆರಕ್ಕೆ ನನ್ನ ತಂಗಿ ಮೊದಲ ಸಲ ರೇಡಿಯೋದಲ್ಲಿ ಹಾಡುವವಳಿದ್ದಳು. ಚೆನ್ನಾಗಿದ್ದ ಹಳೆಯ ರೇಡಿಯೋವನ್ನು ಇವರು ಬಿಡಿಭಾಗಕ್ಕೆಂದು ಬಿಚ್ಚಿಹಾಕಿದ್ದರು.

ಕಾನ್ವೆಂಟಿನಲ್ಲಿ ಕಲಿತ ಹೊಲಿಗೆಯ ಶಿಸ್ತಿನಲ್ಲಿ ಸಮವಾಗಿ ಹೊಸೆದೆ. ಗುಂಯ್ ಹೋಗಲಿಲ್ಲ. ಸದ್ದು ತಡೆಯಲೆಂದು ಇವರು ಒಳಗಿನ ತಂತಿಗೆ ಬಲೆಯಂಥ ತಾಮ್ರದ ಜಾಳಿಗೆ ಹೊದಿಸಿ, ಅದರ ಎರಡೂ ತುದಿ ರೇಡಿಯೋದ ತಳದ ತಗಡಿಗೆ ಬೆಸೆದರು. ಇನ್ನೂ ಜೋರಾಯಿತು. ಹೀಗೇ ಸಂಜೆ ಆರು ಹೊಡೆಯಿತು.

"ಬಾಜೂ ಮನ್ಯಾಗ ಹೋಗಿ ಕೇಳ್ಲೇನ್ರಿ?"

"ಐದೇ ಮಿನಿಟ್ ನಿಂದ್ರು."

ಆರೂವರೆಗೆ ಜಾಳಿಗೆಯ ಒಂದು ತುದಿ ಕತ್ತರಿಸಿದರು. ಸದ್ದಡಗಿ, ತೊಗರಿಯ ಪೇಟೆ ಧಾರಣೆ ಸ್ಪಷ್ಟವಾಗಿ ಕೇಳಿಸಿತು. ಇವರು ನನ್ನತ್ತ ನೋಡಿ ನಕ್ಕರು!

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು.

"ನಿಮ್ಮ ತಂಗಿ ಭಾಳ ಛಲೋ ಹಾಡ್ಯಾರ್ರೀ ಅಕ್ಕಾ. ನಿಮ್ಮನ್ಯಾಗಿನ ಗದ್ದಲಕ್ಕ ನಾವು ಕಿಟಕಿ ಹಾಕ್ಕೊಂಡು ಕೇಳಿದ್ವಿ."