ಯಾರ ಜೊತೆ ಯಾರನ್ನು ತೂಗುವುದು

ಕಚೇರಿಯಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಅಕ್ಕ ಎನ್ನುತ್ತಿದ್ದರು. ಸಾಫ್ಟ್‌ವೇರ್ ಎಂಜಿನಿಯರುಗಳ ಯಾವ ಹುದ್ದೆಗೆ ಕನಿಷ್ಠ ಎಷ್ಟು ಸಂಬಳ, ಗರಿಷ್ಠ ಎಷ್ಟು ಎಂದು ಬೇರೆ ಕಂಪನಿಗಳ ಜೊತೆ ತೂಗಿ ಗೆರೆ ಎಳೆಯುವುದೇ ಅವಳ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು, ಆದರೆ ತೂಕದಲ್ಲಿ ಮೋಸ ಮಾಡಿದವಳಲ್ಲ. ನಾದಿನಿಯ ಗಂಡ ಅದೇ ಕಚೇರಿಗೆ ಸೇರಿದಾಗಲೂ ಒಂದು ಕಾಸು ಹೆಚ್ಚು ಹಾಕಲಿಲ್ಲ. ಅತ್ತೆ ವರ್ಷವಿಡೀ ಮುಖ ಊದಿಸಿಕೊಂಡಿದ್ದರು.

ಎಂಜಿನಿಯರುಗಳು ಒಬ್ಬೊಬ್ಬರಾಗಿ ಕೆಲಸ ಬಿಡತೊಡಗಿದಾಗ ಅವಳು ಹೊಸ ಗೆರೆ ಎಳೆದಳು. ಅವರು ಯಾವ ದೊಡ್ಡ ಕಂಪನಿಗಳಿಗೆ ಹೋಗುತ್ತಿದ್ದರೋ ಅವುಗಳ ಜೊತೆಗೇ ತೂಗಿದಳು. ನಿರ್ದೇಶಕರು ಒಪ್ಪಲಿಲ್ಲ.

"ಅವರ ಜೊತೆ ನಮಗೇನಮ್ಮ ಹೋಲಿಕೆ? ಚಿಕ್ಕ ಕಂಪನಿಗಳನ್ನ ನೋಡಿ."

ಸಿಟ್ಟು ಬಂದರೂ ನೋಡಿದಳು. ಗೆರೆ ಕೆಳಗಿಳಿಯಿತು, ಎಲ್ಲರ ಸಂಬಳವೂ ಏರದೆಯೇ ಅದರೊಳಗೆ ಕೂತುಬಿಟ್ಟಿತು. ಇನ್ನು ಅವಳು ತಂಡದ ಮುಂದೆ ನಿಂತು ಇದು ನ್ಯಾಯವಾಗಿದೆ ಎಂದರೆ ಮುಗಿಯಿತು. ಸರ್ವರ್ ನೋಡಿಕೊಳ್ಳುವ ಹುಡುಗಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತ್ತು. ಆದರೂ ಆ ಕಂಪನಿಗೆ ಇನ್ನೂ ಹೂಂ ಅಂದಿರಲಿಲ್ಲ. "ಅಕ್ಕ, ನೀವು ಸರಿ ಇದೆ ಅಂದ್ರೆ ಇಲ್ಲೇ ಇರ್ತೀನಿ" ಎಂದಿದ್ದಳು.

ಸಭೆಗೆ ಹೋಗುವ ದಾರಿಯಲ್ಲಿ, ನೀರಿನ ಯಂತ್ರದ ಹತ್ತಿರ, ನಿರ್ದೇಶಕರು ಅವಳನ್ನು ನಿಲ್ಲಿಸಿದರು.

"ಹಾಗೇ ನನ್ನ ಸಂಬಳದ್ದೂ ಒಂಚೂರು ನೋಡಿಬಿಡಿ. ನನ್ನದಕ್ಕೆ ದೊಡ್ಡ ಕಂಪನಿಗಳನ್ನೇ ಹಿಡೀರಿ."

"ಅವರ ಜೊತೆ ಹೋಲಿಕೆ ಇಲ್ಲ ಅಂದ್ರಲ್ಲ ಸರ್?"

"ಅದು ಎಂಜಿನಿಯರುಗಳಿಗೆ. ನನ್ನಂಥವರು ಸಿಗೋದು ಕಷ್ಟ."

ಎಂಥ ಲಜ್ಜೆಗೆಟ್ಟ ಮಾತು! ಲೋಟ ತುಂಬುತ್ತಾ, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದ್ದರು. ಅವಳಿಗೆ ಅವರ ಮೇಲಿನ ಸಿಟ್ಟಿಗಿಂತ, ಚಿಕ್ಕ ಕಂಪನಿಗಳನ್ನು ನೋಡಿ ಅಂದಾಗ ತೆಪ್ಪಗೆ ನೋಡಿದ ತನ್ನ ಮೇಲಿನ ಸಿಟ್ಟೇ ದೊಡ್ಡದಾಗಿತ್ತು.

ಸಭೆಯಲ್ಲಿ ಕುರ್ಚಿ ಸಾಲದೆ ಹಲವರು ಗೋಡೆಗೆ ಒರಗಿ ನಿಂತಿದ್ದರು. ನಿರ್ದೇಶಕರು ನಗುತ್ತಾ, "ನಿಮ್ಮ ಅಕ್ಕನೇ ಹೇಳ್ತಾರೆ ಕೇಳಿ" ಎಂದರು.

"ಈ ಗೆರೆ ಸುಳ್ಳು" ಎಂದಳು ಅವಳು. "ನಿಮ್ಮನ್ನ ಚಿಕ್ಕ ಕಂಪನಿಗಳ ಜೊತೆ ತೂಗಿದೀನಿ. ಸಾಹೇಬರು ತಮ್ಮನ್ನ ಮಾತ್ರ ದೊಡ್ಡವುಗಳ ಜೊತೆ ತೂಗಿ ಅಂತಾರೆ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗೋದಾದ್ರೆ ತೂಗ್ತೀನಿ, ಇಲ್ಲಾಂದ್ರೆ ಈ ಕೆಲಸ ಬೇಡ ನಂಗೆ."

ನಿರ್ದೇಶಕರ ಮುಖ ಕಪ್ಪಿಟ್ಟಿತು. "ಈ ವಿಷಯ ಆಮೇಲೆ ಮಾತಾಡೋಣ" ಎಂದರು.

ಆಮೇಲೂ ಗೆರೆ ಮೇಲೇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೋಡೆಯ ಹತ್ತಿರ ನಿಂತಿದ್ದ ಸರ್ವರ್ ಹುಡುಗಿಯ ಕಡೆ ತಿರುಗಿದಳು.

"ನೀನು ಹೋಗಮ್ಮ. ಇರು ಅನ್ನೋಕೆ ನಂಗೆ ಬಾಯಿ ಬರಲ್ಲ."