ಹಸಿರು ಅಕ್ಷರದ ‘ಹೋ ಗಯಾ’

ಅಮ್ಮ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ “ಊಟ ಆಯ್ತಾ?” ನನ್ನ ಉತ್ತರ “ಆಯ್ತು.” ನೋಯ್ಡಾದಲ್ಲಿದ್ದ ಅಷ್ಟೂ ವರ್ಷ ಈ ಸಂಭಾಷಣೆ ಒಂದು ದಿನವೂ ಬದಲಾಗಲಿಲ್ಲ. ಊಟ ಆಗಿದ್ದರೂ ಆಯ್ತು, ಬೆಳಗಿನಿಂದ ಎರಡು ಬಿಸ್ಕೆಟಿನ ಮೇಲೆ ಕಾಲ ಹಾಕಿದ್ದರೂ ಆಯ್ತು. ಆಗಿಲ್ಲ ಅಂದರೆ ಮುಗಿಯಿತು, ಯಾಕೆ ಆಗಿಲ್ಲ, ಅಲ್ಲಿ ಅಕ್ಕಿ ಸಿಗಲ್ವಾ, ಮೈ ಹುಷಾರಿಲ್ವಾ ಎಂದು ಮೊಬೈಲಿನ ಕರೆನ್ಸಿ ಖಾಲಿಯಾಗುವವರೆಗೂ ವಿಚಾರಣೆ. ನಮ್ಮವರಲ್ಲಿ ಈ ‘ಆಯ್ತು’ವನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ. ಆದರೆ ಅದೇ ಅಭ್ಯಾಸವನ್ನು ನಾನು ಒಂದು ಪ್ರೋಗ್ರಾಮಿಗೂ ಕಲಿಸಿಬಿಟ್ಟೆ. ಅದರಿಂದಾಗಿ ದೆಹಲಿಯ ಓಖ್ಲಾದಲ್ಲಿ ಒಬ್ಬ ವಯಸ್ಸಾದವರ ಕೆಲಸ ಹೋಗುವುದರಲ್ಲಿತ್ತು. ನೆನಪಾದಾಗಲೆಲ್ಲ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಉಳಿದವರ ಮೇಲಿನ ಸಿಟ್ಟೂ ಸ್ವಲ್ಪ ಬಾಕಿ ಇದೆ.

ನೋಯ್ಡಾಕ್ಕೆ ಇನ್ನೂ ಮೆಟ್ರೋ ಬಂದಿರದ ಕಾಲ. ನಮ್ಮದು ಎಂಟು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು. ಮೇಲಿನವರು, ಅಂದರೆ ನನ್ನ ಟೀಮ್ ಲೀಡ್, ಕರ್ನಾಟಕದವರೇ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಕನ್ನಡ ಬರುವ ಮೂರನೆಯವರಿರಲಿಲ್ಲ. ಹಾಗಾಗಿ ಬೇರೆಯವರಿಗೆ ತಿಳಿಯಬಾರದ್ದನ್ನೆಲ್ಲ ಅವರು ನನ್ನ ಹತ್ತಿರ ಕನ್ನಡದಲ್ಲೇ ಹೇಳುತ್ತಿದ್ದರು. ನಾಡಿನಿಂದ ಅಷ್ಟು ದೂರ ಹೋಗಿ ನಮ್ಮ ಭಾಷೆಯನ್ನು ನಾವು ಬಳಸುತ್ತಿದ್ದುದು ಹೆಚ್ಚಾಗಿ ಇಂಥದ್ದಕ್ಕೇ.

ಓಖ್ಲಾದ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಘಟಕ ನಮ್ಮ ಗಿರಾಕಿ. ಹೊರದೇಶದ ಖರೀದಿದಾರರು ಪ್ರತಿ ಉಡುಪಿನ ಅಳತೆಪಟ್ಟಿಯನ್ನು ತಮ್ಮ ಸರ್ವರಿನಲ್ಲಿ ಇಡುತ್ತಿದ್ದರು. ಅದನ್ನು ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ಅದರಂತೆ ಬಟ್ಟೆ ಕತ್ತರಿಸಬೇಕು. ಕತ್ತರಿಸುವ ವಿಭಾಗದ ಯಜಮಾನಿಕೆ ಅರವತ್ತು ದಾಟಿದ ಒಬ್ಬ ಕಟಿಂಗ್ ಮಾಸ್ಟರದು. ಎಲ್ಲರಿಗೂ ಅವರು ಮಾಸ್ಟರ್‌ಜಿ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಂಕಿಗಳು, ತೋಳು, ಕಾಲರ್, ಎದೆ, ಇಂಥ ಹತ್ತಿಪ್ಪತ್ತು ಪದಗಳ ಆಕಾರ ಗೊತ್ತಿತ್ತು, ಅಷ್ಟೇ. ಅವರಿಗೆಂದೇ ನಾನು ತೆರೆಯ ಮೇಲೆ ಒಂದೇ ಒಂದು ದೊಡ್ಡ ಗುಂಡಿ ಇಟ್ಟೆ. ಒತ್ತಿದರೆ ಫೈಲ್ ಬರುತ್ತದೆ. ಬಂದ ಮೇಲೆ ಹಿಂದಿಯಲ್ಲಿ, ಹಸಿರು ಅಕ್ಷರದಲ್ಲಿ, ‘ಹೋ ಗಯಾ’, ಅಂದರೆ ‘ಆಯ್ತು’, ಎಂದು ಮೂಡುತ್ತದೆ. ತೋರಿಸಿದ ದಿನ ಮಾಸ್ಟರ್‌ಜಿ ಮಗುವಿನ ಹಾಗೆ ನಕ್ಕು ಮೂರು ಸಲ ಒತ್ತಿದರು. ನಾನೂ ಬೀಗಿದೆ.

ಬೀಗಿದ್ದು ಯಾವ ಸಂಭ್ರಮಕ್ಕೋ. ಫೈಲು ತರುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿ, “ಮುಗಿದ ಮೇಲೆ ನನ್ನನ್ನು ಕೂಗು” ಎಂದು ಹೇಳಿಡುವ ಒಂದು ಪದ್ಧತಿ ಇದೆ. ಆ ಕೂಗಿನ ಹೆಸರು ‘ಕಂಪ್ಲೀಟೆಡ್’. ನಾನು ಅದನ್ನು ‘ಆಯ್ತು’ ಎಂದು ಓದಿಕೊಂಡೆ. ಕೂಗು ಬಂದೊಡನೆ ಹಸಿರು ಅಕ್ಷರ ತೋರಿಸು ಎಂದು ಬರೆದು ಕೈತೊಳೆದುಕೊಂಡೆ. ಅದು ಬರೀ ‘ಮುಗಿಯಿತು’ ಎಂದು ಹೇಳುವ ಕೂಗು. ಫೈಲು ಪೂರ್ತಿ ಬಂದರೂ ಅದೇ ಕೂಗು, ಅರ್ಧ ದಾರಿಯಲ್ಲಿ ಸತ್ತರೂ ಅದೇ ಕೂಗು. ಸತ್ತದ್ದು ಯಾಕೆ ಎಂಬ ಚೀಟಿ ಕೂಗಿನ ಜೊತೆಗೇ ಬರುತ್ತದೆ. ‘ಎರರ್’ ಎಂಬ ಆ ಚೀಟಿ ಖಾಲಿ ಇದೆಯೇ ಎಂದು ನೋಡಿ ಆಮೇಲೆ ತಾನೇ ಆಯ್ತು ಅನ್ನಬೇಕು? ನಾನು ಚೀಟಿ ಬಿಚ್ಚಲೇ ಇಲ್ಲ. ನೋಡಲು ಬೇಕಿದ್ದದ್ದು ಒಂದು ಸಾಲಿನ ಕೋಡು. ಅದೂ ಆ ಪದ್ಧತಿಯ ವಿವರಣೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ನಮ್ಮ ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಇಂಟರ್ನೆಟ್ ಒಮ್ಮೆಯೂ ಕೈಕೊಡಲಿಲ್ಲ. ಬೇಡದಿದ್ದಾಗ ದಿನಕ್ಕೆ ಹತ್ತು ಸಲ ಹೋಗುತ್ತಿದ್ದ ದರಿದ್ರ ಇಂಟರ್ನೆಟ್ಟು, ಆ ಒಂದು ವಾರ ಮಾತ್ರ ಸನ್ನಡತೆಯಿಂದ ಇತ್ತು.

ಮೇ ತಿಂಗಳಲ್ಲಿ ಒಂದು ದಿನ ಲೀಡ್ ನನ್ನ ಮೇಜಿನ ಹತ್ತಿರ ಬಂದು ಕನ್ನಡದಲ್ಲಿ ಶುರು ಮಾಡಿದರು. ಆಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

“ಓಖ್ಲಾದೋರು ಗಲಾಟೆ ಮಾಡ್ತಿದಾರೆ. ಹೆಂಗಸರ ಶರ್ಟಿಂದು ಒಂದು ಲಾಟ್ ಪೂರ್ತಿ ತೋಳು ಗಿಡ್ಡ ಕಟ್ ಆಗಿದೆಯಂತೆ. ಮಾಸ್ಟರ್ ಏನೋ ನೋಡ್ದೇ ಕತ್ತರಿಸಿರೋದು. ನೀನು ಹೋಗಿ ನಮ್ಮ ಸಾಫ್ಟ್‌ವೇರ್ ಎಲ್ಲಾ ಓಕೆ ಅಂತ ಹೇಳಿ ಬಾ.”

“ನೋಡ್ಲಾ ಸರ್, ಹೇಳ್ಲಾ?”

“ನೋಡಿ ಹೇಳಮ್ಮ. ಓಕೆ ಅಂತ ಹೇಳು.”

ಹೊರಗೆ ಲೂ ಎಂಬ ಬೇಸಿಗೆಯ ಬಿಸಿಗಾಳಿ ಬೀಸುತ್ತಿತ್ತು. ನೋಯ್ಡಾದ ಆಟೋದವನು ದೆಹಲಿಯ ಗಡಿ ದಾಟಲ್ಲ ಎಂದು ನದಿಯ ಬ್ಯಾರೇಜಿಗೆ ಮುಂಚೆಯೇ ಇಳಿಸಿದ. “ಯೂಪಿ ನಂಬರ್, ಮೇಡಂ” ಎಂದು ಅವನು ಕೈ ತಿರುಗಿಸಿದ್ದು ನೋಡಿದರೆ ಗಡಿ ನಾನೇ ಎಳೆದಿದ್ದೇನೆ ಅನ್ನಬೇಕು. ಯಮುನೆಯ ಮೇಲಿನ ಆ ಗಬ್ಬುವಾಸನೆಯಲ್ಲಿ ನಡೆದು, ಆಚೆ ಬದಿ ದೆಹಲಿಯ ಆಟೋದವನೊಂದಿಗೆ ಜಗಳವಾಡಿ, ಕಾಳಿಂದಿ ಕುಂಜದ ಜಾಮಿನಲ್ಲಿ ಬೆಂದು, ಒಂದು ಗಂಟೆಗೆ ಮುಟ್ಟಿದಾಗ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಬೆಳಗಿನ ತಿಂಡಿಯೂ ಆಗಿರಲಿಲ್ಲ.

ಪ್ರೊಡಕ್ಷನ್ ಮ್ಯಾನೇಜರ್ ನನ್ನನ್ನು ನೇರ ಕಂಪ್ಯೂಟರಿನ ಮುಂದೆ ಕೂರಿಸಿದ. ಅಳತೆಪಟ್ಟಿ ತೆರೆದು ತೋರಿಸಿದ. ಮೇಲೆ ಅಳತೆಗಳು, ಆಮೇಲೆ ಪ್ಯಾಕಿಂಗ್ ಸೂಚನೆ, ಕಟ್ಟಕಡೆಗೆ ಒಂದು ತಿದ್ದುಪಡಿ: ತೋಳಿನ ಉದ್ದ ಒಂದೂವರೆ ಇಂಚು ಹೆಚ್ಚಿಸಿ. ಸ್ಪಷ್ಟವಾಗಿ ಇತ್ತು. “ನೋಡಿ, ಇದೆ ತಾನೆ? ಮುದುಕನಿಗೆ ಕಣ್ಣು ಹೋಗಿದೆ. ಇರಲೇ ಇಲ್ಲ ಅಂತ ವಾದಿಸ್ತಾನೆ. ಎರಡನೇ ಹಾಳೆ ಎಲ್ಲೋ ಬೀಳಿಸಿಕೊಂಡಿದ್ದಾನೆ. ಸೋಮವಾರದಿಂದ ಬೇರೆ ಮಾಸ್ಟರ್ ಬರ್ತಾನೆ,” ಎಂದು ಹಿಂದಿಯಲ್ಲಿ ಹೇಳಿ ತನ್ನ ಕ್ಯಾಬಿನ್ನಿಗೆ ಹೋದ.

ಮಾಸ್ಟರ್‌ಜಿ ಕಟಿಂಗ್ ಮೇಜಿನ ಕೆಳಗೆ ಬಗ್ಗಿ ಚಿಂದಿಗಳ ನಡುವೆ ಹುಡುಕುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. “ಎರಡನೇ ಹಾಳೆ, ಬೇಟಿ,” ಎಂದರು. ಮೊದಮೊದಲು ಇಲ್ಲವೇ ಇಲ್ಲ ಎಂದು ವಾದಿಸಿದ್ದರಂತೆ. ಆದರೆ ಕಂಪ್ಯೂಟರಿನಲ್ಲಿ ತಿದ್ದುಪಡಿ ಕಣ್ಣಿಗೆ ಹೊಡೆಯುವ ಹಾಗೆ ಇದ್ದ ಮೇಲೆ, ಬಿದ್ದುಹೋಗಿರಬೇಕು ಎಂದು ಅವರಿಗೇ ಅನ್ನಿಸತೊಡಗಿತ್ತು. ಮೂಗಿನ ಮೇಲೆ ಹೊಸ ಕನ್ನಡಕ ಇತ್ತು. ಮೂರು ದಿನದ ಹಿಂದೆ ಮಾಡಿಸಿದ್ದಂತೆ. “ಇನ್ನು ಕಣ್ಣನ್ನು ನಂಬುವ ಹಾಗಿಲ್ಲ,” ಎಂದು ಅದನ್ನು ಮೇಲೆ ತಳ್ಳಿಕೊಂಡರು.

ಮೊದಲನೇ ಹಾಳೆ ಗೋಡೆಯ ಮೊಳೆಗೆ ಸಿಕ್ಕಿಸಿಯೇ ಇತ್ತು. ತೆಗೆದು ನೋಡಿದೆ. ಅಳತೆಗಳೆಲ್ಲ ಇದ್ದವು. ಕೊನೆಯ ಸಾಲು ಪ್ಯಾಕಿಂಗ್ ಸೂಚನೆಯದು. ಅದು ಒಂದು ಪದದ ನಡುವೆಯೇ ನಿಂತುಬಿಟ್ಟಿತ್ತು. ಅದರ ಕೆಳಗೆ ನಾಲ್ಕು ಬೆರಳಷ್ಟು ಹಾಳೆ ಖಾಲಿ. ಜಾಗ ಇರುವಾಗ ಪ್ರಿಂಟರು ಪದವನ್ನು ಅರ್ಧಕ್ಕೆ ಮುರಿದು ಎರಡನೇ ಹಾಳೆಗೆ ಹೋಗುವುದಿಲ್ಲ. ಎರಡನೇ ಹಾಳೆ ಇರಲೇ ಇಲ್ಲ. ಫೈಲೇ ಅಲ್ಲಿಗೆ ಸತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಆ ಹಾಳೆಯನ್ನು ತಟ್ಟನೆ ಮಡಚಿದೆ. ಫೈಲು ತರಿಸಿದ ಆ ಬೆಳಗ್ಗೆ ಕರೆಂಟ್ ಹೋಗಿತ್ತೇ ಎಂದು ಮಾಸ್ಟರ್‌ಜಿಯನ್ನು ಕೇಳಿದೆ. ಹೋಗಿತ್ತು, ಆಮೇಲೆ ಜನರೇಟರ್ ಹಾಕಿದರು ಎಂದರು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಆದರೆ ಮೋಡೆಮ್ಮನ್ನು ಯಾವ ಮಹಾನುಭಾವನೋ ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದ. ಕರೆಂಟ್ ಹೋಗಿ ಬರುವಷ್ಟರಲ್ಲಿ ಮೋಡೆಮ್ ಸತ್ತು, ಫೈಲು ಅರ್ಧವಾಗಿ, ನನ್ನ ಪ್ರೋಗ್ರಾಮು ಹಲ್ಲು ಕಿರಿದು ‘ಹೋ ಗಯಾ’ ಅಂದಿತ್ತು. ಗಲಾಟೆಯಾದ ಮೇಲೆ ಮ್ಯಾನೇಜರ್ ಮತ್ತೆ ಗುಂಡಿ ಒತ್ತಿದ್ದಾನೆ. ಆಗ ಪೂರ್ತಿ ಫೈಲು ಬಂದು ಅರ್ಧ ಫೈಲಿನ ಮೇಲೆ ಕೂತಿದೆ. ಮಾಸ್ಟರ್‌ಜಿಯ ಮಾತಿಗೆ ಇದ್ದ ಒಂದೇ ಸಾಕ್ಷಿಯನ್ನೂ ನನ್ನ ಪ್ರೋಗ್ರಾಮು ಅಳಿಸಿಹಾಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಎತ್ತು ನನ್ನದು, ಬರೆ ಅವರಿಗೆ.

ಮೆಟ್ಟಿಲ ಹತ್ತಿರ ಹೋಗಿ ಲೀಡ್‌ಗೆ ಫೋನು ಮಾಡಿದೆ.

“ಸರ್, ತಪ್ಪು ನಮ್ದು. ಎರರ್ ಚೆಕ್ಕೇ ಹಾಕಿಲ್ಲ ನಾನು.”

“ಅಚ್ಛಾ. ಪಕ್ಕದಲ್ಲಿ ಯಾರಿದಾರೆ?”

“ಇಲ್ಲಿನೋರು ಇದಾರೆ. ಕನ್ನಡ ಬರಲ್ಲ.”

“ಹಾಂ, ಕನ್ನಡದಲ್ಲೇ ಮಾತಾಡು. ಈಗ ಏನೂ ಹೇಳ್ಬೇಡ. ಕೇಳಿದ್ರೆ ನೆಟ್‌ವರ್ಕ್ ಪ್ರಾಬ್ಲಮ್ ಇರಬಹುದು ಅನ್ನು. ನಾಳೆ ಸೈಲೆಂಟಾಗಿ ಹೊಸ ವರ್ಷನ್ ಹಾಕೋಣ.”

“ಮಾಸ್ಟರ್‌ಜಿ ಕೆಲಸ ಹೋಗ್ತಿದೆ ಸರ್.”

“ಅದು ಅವರ ಇಂಟರ್ನಲ್ ಮ್ಯಾಟರ್ ಕಣಮ್ಮ. ಚಲೋ, ಬೇಗ ಬಾ. ಆಯ್ತಾ?”

“ಆಯ್ತು ಸರ್,” ಎಂದೆ. ಏನು ಆಯ್ತು, ಮಣ್ಣು! ಬಾಯಿಗೆ ಮೊದಲು ಬರುವುದೇ ಅದು.

ವ್ಯಾನಿಟಿ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಡುವವಳೇ ಇದ್ದೆ, ಅದನ್ನೀಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಆಫೀಸಿಗೆ ಹೋಗಿ ಯೋಚಿಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಊಟದ ಬೆಲ್ ಆಯಿತು. ಮಾಸ್ಟರ್‌ಜಿ ಕಟಿಂಗ್ ಮೇಜಿನ ಮೂಲೆಯಲ್ಲಿ ಡಬ್ಬಿ ಬಿಚ್ಚುತ್ತಾ ತಲೆಯೆತ್ತಿ ಕೇಳಿದರು, “ಬೇಟಿ, ಖಾನಾ ಹೋ ಗಯಾ?”

“ಹೋ ಗಯಾ,” ಎಂದೆ.

ಹೇಳಿದ್ದು ನನ್ನ ಕಿವಿಗೇ ಬಿತ್ತು. ನಾನು ಹಸಿರು ಅಕ್ಷರದಲ್ಲಿ ಬರೆದಿಟ್ಟಿದ್ದ ಅದೇ ಎರಡು ಪದ. ಹೊಟ್ಟೆ ಚುರುಗುಟ್ಟುತ್ತಿತ್ತು, ಬಾಯಿ ಮಾತ್ರ ನೋಡದೆಯೇ ಹೇಳಿಬಿಟ್ಟಿತ್ತು. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಬ್ಯಾಗ್ ಕೆಳಗಿಟ್ಟೆ.

“ನಹೀ ಹುವಾ,” ಎಂದೆ. “ಊಟವೂ ಆಗಿಲ್ಲ, ಆವತ್ತು ಫೈಲೂ ಆಗಿಲ್ಲ. ಅರ್ಧವೇ ಬಂದಿತ್ತು. ಎರಡನೇ ಹಾಳೆ ಇರಲೇ ಇಲ್ಲ, ಮಾಸ್ಟರ್‌ಜಿ. ನನ್ನ ಪ್ರೋಗ್ರಾಮು ನೋಡದೆ ಆಯಿತು ಅಂದುಬಿಟ್ಟಿದೆ. ತಪ್ಪು ನನ್ನದು.” ನನ್ನ ಹರಕು ಹಿಂದಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಬೆವರಿಳಿಯಿತು. ಹಾಳೆ ಬಿಡಿಸಿ ಮುರಿದ ಪದವನ್ನೂ, ಕೆಳಗಿನ ಖಾಲಿ ಜಾಗವನ್ನೂ ತೋರಿಸಿದೆ.

ಪರವಾಗಿಲ್ಲ ಬೇಟಿ ಅನ್ನುತ್ತಾರೆ ಎಂದು ಎಲ್ಲೋ ಒಳಗೆ ಆಸೆಯಿತ್ತು. ಅನ್ನಲಿಲ್ಲ. ಮುರಿದ ಪದದ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಹೊಸ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಜೇಬಿನಿಂದ ದಾರ ಸುತ್ತಿದ ಹಳೆಯದನ್ನು ತೆಗೆದು ಹಾಕಿಕೊಂಡರು.

“ಅಂದರೆ ನನ್ನ ಕಣ್ಣು ಸರಿಯಾಗೇ ಇದೆ,” ಎಂದರು. ದನಿಯಲ್ಲಿ ಸಿಟ್ಟಿತ್ತು. “ನಾಲ್ಕು ದಿನದಿಂದ ನಾನೇ ನನ್ನನ್ನು ಕುರುಡ ಅಂತ ಬೈದುಕೊಳ್ಳುತ್ತಿದ್ದೇನೆ. ಮನೆಯಲ್ಲೂ ಹೇಳಿದೆ, ನನ್ನಿಂದ ಇನ್ನು ಆಗಲ್ಲ ಅಂತ. ನಡಿ, ಇದನ್ನು ಅವನ ಮುಂದೆ ಹೇಳು.”

ಡಬ್ಬಿ ಹಾಗೇ ಬಿಟ್ಟು ಮುಂದೆ ನಡೆದರು. ನಾನು ಹಿಂದೆ. ಕ್ಯಾಬಿನ್ನಿನಲ್ಲಿ ನಡೆದದ್ದನ್ನು ವಿವರವಾಗಿ ಬರೆಯಲಾರೆ. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದ. ನಮ್ಮ ಆಫೀಸನ್ನೂ ಬೈದ, ಹೆಣ್ಣುಮಕ್ಕಳಿಂದ ಕೋಡು ಬರೆಸುವವರನ್ನೂ ಬೈದ. ಮಾಸ್ಟರ್‌ಜಿ ಪಕ್ಕದಲ್ಲಿ ಕೈಕಟ್ಟಿ ನಿಂತು ಅವನು ಮುಗಿಸುವವರೆಗೂ ಕಾದು, “ಈಗ ನನ್ನ ವಿಷಯ ಹೇಳಿ,” ಎಂದರು. ಸೋಮವಾರ ಬೇರೆ ಮಾಸ್ಟರ್ ಬರಲಿಲ್ಲ. ಲೀಡ್ ನನ್ನ ಜೊತೆ ಒಂದು ತಿಂಗಳು ಹಿಂದಿಯಲ್ಲಿ ಮಾತಾಡಿದರು.

ಪ್ರೋಗ್ರಾಮನ್ನು ಮತ್ತೆ ಬರೆದೆ. ಫೈಲು ಮೊದಲು ಬೇರೆ ಹೆಸರಿನಲ್ಲಿ ಬರಬೇಕು. ಎರರ್ ಚೀಟಿ ಖಾಲಿ ಇರಬೇಕು. ಸರ್ವರ್ ಹೇಳಿದಷ್ಟೇ ಗಾತ್ರ ಇರಬೇಕು. ಇಷ್ಟೂ ಆದ ಮೇಲೆ ಮಾತ್ರ ಹಳೆಯದರ ಜಾಗಕ್ಕೆ ಹೋಗಬೇಕು. ಇಲ್ಲದಿದ್ದರೆ ಕೆಂಪು ಅಕ್ಷರದಲ್ಲಿ ‘ನಹೀ ಹುವಾ’. ಪ್ರತಿ ಸಲದ ವರದಿ ಒಂದು ಸಾಲಾಗಿ ನನ್ನ ಕಂಪ್ಯೂಟರಿಗೂ ಬರುವಂತೆ ಮಾಡಿದೆ. ಮೋಡೆಮ್ಮನ್ನು ನಾನೇ ಯುಪಿಎಸ್‌ಗೆ ಚುಚ್ಚಿ ಬಂದೆ.

ಆದರೂ ಮಾಸ್ಟರ್‌ಜಿಗೆ ನಂಬಿಕೆ ಬರಲಿಲ್ಲ. ನಾನು ಆ ಕೆಲಸ ಬಿಡುವವರೆಗೂ ದಿನಾ ಬೆಳಗ್ಗೆ ಹತ್ತಕ್ಕೆ, ಚಹಾ ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ಅವರ ಫೋನು. “ಹೋ ಗಯಾ ಅಂತಿದೆ, ಬೇಟಿ. ಸಚ್ ಮೇ ಹೋ ಗಯಾ?” ನಿಜವಾಗಿ ಆಯ್ತಾ ಎಂಬ ಆ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟೆಲ್ಲ ಪರೀಕ್ಷೆ ಬರೆದಿದ್ದೇನೆ, ಕೆಂಪು ಅಕ್ಷರ ಹಾಕಿದ್ದೇನೆ, ಈ ಮನುಷ್ಯನಿಗೆ ಇನ್ನೇನು ಬೇಕು ಎಂದು ಹಲ್ಲು ಕಡಿಯುತ್ತಿದ್ದೆ. ಬಾಯಿಯ ತುದಿಗೇ ಬಂದಿರುತ್ತಿತ್ತು ‘ಹೋ ಗಯಾ’.

“ಒಂದು ನಿಮಿಷ ಇರಿ, ಮಾಸ್ಟರ್‌ಜಿ,” ಅನ್ನುತ್ತಿದ್ದೆ. ಲೋಟ ಕೆಳಗಿಟ್ಟು, ವರದಿಯ ಆ ಸಾಲು ತೆರೆದು ನೋಡಿ, ಆಮೇಲೆ ಹೇಳುತ್ತಿದ್ದೆ.