ಕರಿ ಪರದೆ ಕೈಬಿಟ್ಟ ಮಧ್ಯಾಹ್ನ

ಸತ್ತವರು ಕಾಣಿಸಿದರು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಹಂಬಲಿಸಿದವರಿಗೆ ಹಂಬಲಿಸಿದ್ದು ಕಾಣುತ್ತದೆ ಎಂದು ಸುಮ್ಮನಾಗುತ್ತಿದ್ದೆ. ಮಕ್ಕಳೇ, ಆಮೇಲೆ ನನಗೇ ಹೀಗಾಯಿತು. ಏನನ್ನೂ ಸೇರಿಸದೆ ಬರೆಯುತ್ತೇನೆ.

ನಿಮ್ಮ ತಾತ ಜ್ವರ ಬಂದು ತೀರಿಕೊಂಡಾಗ ನಿಮ್ಮಮ್ಮ ಇನ್ನೂ ನನ್ನ ಹೊಟ್ಟೆಯಲ್ಲಿದ್ದಳು. ಅವರದೊಂದು ಫೋಟೋ ಕೂಡ ತೆಗೆಸಿರಲಿಲ್ಲ. ಮಾತು ಕಲಿತ ಮೇಲೆ ಅವಳು, "ನಮ್ಮಪ್ಪ ಎಂಗಿದ್ದ?" ಎಂದು ದಿನಾ ಕೇಳುವಳು. ಉದ್ದಕ್ಕಿದ್ದರು, ಕಪ್ಪಗಿದ್ದರು ಎನ್ನುತ್ತಿದ್ದೆ. ಅಷ್ಟರಿಂದ ಅವಳಿಗೆ ಮುಖ ಸಿಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಬರಬರುತ್ತಾ ನನಗೂ ಸಿಗುತ್ತಿರಲಿಲ್ಲ.

ಆಗ ನಾನು ಕುಂದಲಹಳ್ಳಿಯಿಂದ ನಡೆದು ಒಂದು ಕಾಲೇಜಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಜೀವಶಾಸ್ತ್ರ ವಿಭಾಗದಲ್ಲಿ ಗುಡಿಸುವುದು, ಗಾಜಿನ ಸಾಮಾನು ತೊಳೆಯುವುದು. ಪ್ರತಿ ಶುಕ್ರವಾರ ಮಧ್ಯಾಹ್ನ ಹೊರಗಿನಿಂದ ಒಬ್ಬರನ್ನು ಕರೆಸಿ ಭಾಷಣ ಮಾಡಿಸುತ್ತಿದ್ದರು. ಸ್ಲೈಡ್ ತೋರಿಸುವ ದಿನ ಕೋಣೆ ಕತ್ತಲಾಗಬೇಕು. ಹಿಂದಿನ ಕಿಟಕಿಯ ಕರಿ ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ. ಅದರ ಎರಡೂ ಅಂಚು ಸೇರಿಸಿ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. "ಕೈ ಬಿಟ್ಬಿಟ್ಟೀಯ ಕಣಮ್ಮ, ನಮ್ಮ ಟಾಕೀಸಿಗೆ ನೀನೇ ಬಾಗಿಲು" ಎಂದು ವಿಭಾಗದ ಮುಖ್ಯಸ್ಥರು ನಗಾಡುತ್ತಿದ್ದರು.

ಆ ಶುಕ್ರವಾರ ಬಂದವರು ನೀರುಹಕ್ಕಿಗಳನ್ನು ಬಲ್ಲ ಒಬ್ಬ ಮೇಷ್ಟ್ರು. ಇಂಗ್ಲಿಷು ನನಗೆ ತಿಳಿಯದು, ಚಿತ್ರ ನೋಡುತ್ತಿದ್ದೆ. ಹಿಂದಿನ ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಲ್ಲೇ ತೆಗೆದವಂತೆ. ಕೊಕ್ಕರೆ, ನೀರುಕೋಳಿ, ಜೊಂಡು. ಆಮೇಲೆ, ಕೆರೆ ಏರಿಯ ಮೇಲೆ ನಿಮ್ಮ ತಾತ. ಪಂಚೆ ಎತ್ತಿ ಕಟ್ಟಿ, ನೇರ ನನ್ನ ಕಡೆಗೇ ನೋಡುತ್ತಿದ್ದರು. ಹೆಗಲ ಮೇಲೆ ಅವರ ಕೂದಲು ಹಿಡಿದು ಕೂತ ಒಂದು ಹೆಣ್ಣುಮಗು. ಅದರ ಮೈಮೇಲೆ ನಾನು ನಿಮ್ಮಮ್ಮನಿಗೆ ಹೊಲಿದ ಲಂಗ.

ಪರದೆ ಕೈತಪ್ಪಿತು. ಬಿಸಿಲು ನುಗ್ಗಿ ಗೋಡೆ ಬೆಳ್ಳಗಾಯಿತು. ಹುಡುಗರು "ಹೋ" ಎಂದು ಕೂಗಿದರು. "ಏನಮ್ಮಾ, ನಿದ್ದೆ ಬಂತಾ?" ಎಂದರು ಮುಖ್ಯಸ್ಥರು. ನಾನು ಮತ್ತೆ ಅಂಚು ಸೇರಿಸುವಷ್ಟರಲ್ಲಿ ಬೇರೆ ಚಿತ್ರ ಬಂದಿತ್ತು.

ಪರ ಗಂಡಸರೆದುರು ಬಾಯಿ ತೆರೆದವಳಲ್ಲ ನಾನು. ಆದರೂ ಎಲ್ಲರೂ ಎದ್ದ ಮೇಲೆ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಏರಿ ಮ್ಯಾಗಿಂದು ಆ ಫೋಟೋ ಕೊಡ್ತೀರಾ? ಅವ್ರು ನಮ್ಮೆಜಮಾನ್ರು" ಎಂದೆ. ಅವರು ನಗಲಿಲ್ಲ. ಸ್ಲೈಡುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ತೋರಿಸಿದರು. ಏರಿ ಇತ್ತು, ಅದರ ಮೇಲೆ ಯಾರೂ ಇರಲಿಲ್ಲ. "ನಾನು ಮನುಷ್ಯರ ಫೋಟೋ ತೆಗೆಯೋದೇ ಇಲ್ಲಮ್ಮ" ಎಂದರು.

ಎಲ್ಲ ನನ್ನ ಭ್ರಮೆ ಎಂದುಕೊಂಡು ಪೊರಕೆ ಹಿಡಿದೆ. ಹೊರಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಿಂತಳು. "ಅಕ್ಕ, ಮಗು ಹೊತ್ಕೊಂಡಿದ್ರಲ್ಲ, ಅವ್ರು ನಿಮ್ಮೂರೋರಾ? ಮಗು ಎಷ್ಟು ಚೆನ್ನಾಗಿ ನಗ್ತಿತ್ತು!" ಎಂದಳು. ಮಗು ನಗುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ.

ಸಂಜೆ ನಿಮ್ಮಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವಳಪ್ಪನ ಹುಬ್ಬು, ಮೂಗು, ಗಲ್ಲ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, "ನಂಗೊತ್ತು" ಎಂದು ಆಡಲು ಓಡಿದಳು.

ಮಕ್ಕಳು ಎಲ್ಲದಕ್ಕೂ ಹಾಗೆನ್ನುತ್ತಾರೆ. ಈಗ ಕೇಳಿದರೆ ಅವಳಿಗೆ ನೆನಪಿಲ್ಲ. ಹೇಗೆ ಗೊತ್ತು ಎಂದು ಅವತ್ತೇ ಕೇಳಲು ನನಗೆ ಧೈರ್ಯ ಬರಲಿಲ್ಲ.